ಋಣವಿಮೋಚನೆಯೂ ಎಪ್ಪತ್ತು ದಿನಗಳ ಶಂಕೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಿವಾಳಿ ಶಾಸನದಲ್ಲಿ ೫೨೩ನೆಯ ಪ್ರಕರಣವೆಂಬುದೊಂದುಂಟು. ಪಾಪರೆದ್ದವನ ಸಾಲಗಳಲ್ಲಿ ಯಾವುವು ತೊಡೆದುಹೋಗತಕ್ಕವು, ಯಾವುವು ಅವನ ಬೆನ್ನು ಬಿಡತಕ್ಕವಲ್ಲ ಎಂಬುದನ್ನು ಅದು ವಿಂಗಡಿಸುತ್ತದೆ. ಅದರ ಒಂದು ಮೂಲೆಯಲ್ಲಿ ಕೆಲವೇ ಪಂಕ್ತಿಗಳ ಉಪವಿಧಿಯೊಂದಿದೆ. ಒಬ್ಬನು ಕ್ರೆಡಿಟ್ ಕಾರ್ಡಿನ ಮೇಲೆ ನಗದು ಹಣವನ್ನು ಮುಂಗಡವಾಗಿ ತೆಗೆದುಕೊಂಡು, ಅಲ್ಲಿಂದ ೭೦ ದಿನಗಳೊಳಗೆ ದಿವಾಳಿಯ ಅರ್ಜಿಯನ್ನು ಹಾಕಿಕೊಂಡನಾದರೆ, ಮತ್ತು ಹಾಗೆ ತೆಗೆದ ಹಣವು ಗೊತ್ತುಮಾಡಿದ ಮೊತ್ತವನ್ನು ಮೀರಿದ್ದಿತಾದರೆ, ಅದನ್ನು ಅವನು ಮೋಸದಿಂದಲೇ ಪಡೆದನೆಂದು ನ್ಯಾಯಾಲಯವು ಮೊದಲಿಗೆ ಎಣಿಸತಕ್ಕದ್ದು. ಹಾಗಲ್ಲವೆಂದು ತೋರಿಸಿಕೊಡುವ ಹೊರೆ ಸಾಲಗಾರನದು. ಆ ಮೊತ್ತವು ೨೦೨೫ನೆಯ ಇಸವಿಯ ಏಪ್ರಿಲ್ ೧ರಿಂದ ೧,೨೫೦ ಡಾಲರು.

ಈ ಎಪ್ಪತ್ತು ದಿನಗಳು ಎಲ್ಲಿಂದ ಬಂದವು? ಸಾಲಗಾರನ ಅಂತರಂಗವನ್ನು ಪಂಚಾಂಗದ ತಿಥಿಗಳಿಂದ ಅಳೆಯುವ ಪದ್ಧತಿಗೆ ಮೂಲವೇನು? ಇದನ್ನು ತಿಳಿಯಬೇಕಾದರೆ ದಿವಾಳಿಯೆಂಬ ವ್ಯವಸ್ಥೆಯು ಮೊದಲಿಗೆ ಯಾರ ಹಿತಕ್ಕಾಗಿ ಹುಟ್ಟಿತು, ಅನಂತರ ಯಾರ ಕಡೆಗೆ ತಿರುಗಿತು ಎಂಬುದನ್ನು ಸ್ವಲ್ಪ ನೋಡಬೇಕು.

ಅಮೆರಿಕದವರು ಈ ನ್ಯಾಯವನ್ನು ಇಂಗ್ಲೆಂಡಿನಿಂದ ತಂದುಕೊಂಡರು. ಇಂಗ್ಲೆಂಡಿನಲ್ಲಿ ದಿವಾಳಿಯ ಮೊದಲ ಶಾಸನವಾದುದು ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೪೨ರಲ್ಲಿ. ಅದರಲ್ಲಿ ಸಾಲಗಾರನ ಮೇಲೆ ದಯೆಯ ಮಾತು ಒಂದೂ ಇಲ್ಲ. ಸಾಲ ಕೊಟ್ಟವರನ್ನು ವಂಚಿಸಿ ಮನೆಯೊಳಗೆ ಅವಿತುಕೊಂಡವನನ್ನೂ ದೇಶ ಬಿಟ್ಟು ಓಡಿದವನನ್ನೂ ಹಿಡಿದು, ಅವನ ಸ್ವತ್ತನ್ನು ಸಾಲಿಗರಿಗೆ ಹಂಚಿಕೊಡುವುದೇ ಅದರ ಉದ್ದೇಶ. ೧೫೭೦ರಲ್ಲಿ ಎಲಿಜಬೆತ್ ರಾಣಿಯ ಕಾಲದ ಶಾಸನವು ಇದನ್ನು ವರ್ತಕರಿಗೆ ಮಾತ್ರ ಸೀಮಿತಗೊಳಿಸಿತು. ಮೊದಲನೆಯ ಜೇಮ್ಸ್ ದೊರೆಯ ಕಾಲಕ್ಕೆ ಬರುವಾಗ ಸ್ವತ್ತನ್ನು ಬಚ್ಚಿಟ್ಟ ದಿವಾಳಿಕೋರನನ್ನು ಸಂತೆಯಲ್ಲಿ ಕಂಬಕ್ಕೆ ಸಿಕ್ಕಿಸಿ ಒಂದು ಕಿವಿಯನ್ನು ಕತ್ತರಿಸುವ ಶಿಕ್ಷೆಯೂ ಸೇರಿತು. ದಿವಾಳಿಯೆಂದರೆ ಅಪರಾಧ, ದಿವಾಳಿಕೋರನೆಂದರೆ ಅಪರಾಧಿ. ಆ ಕಾಲದವರಿಗೆ ಇದರಲ್ಲಿ ಸಂದೇಹವೇ ಇದ್ದಿಲ್ಲ.

ಆನ್ ರಾಣಿಯ ಆಳಿಕೆಯಲ್ಲಿ, ೧೭೦೫ರ ಶಾಸನದಿಂದ, ಒಂದು ಹೊಸ ವಿಚಾರವು ಪ್ರವೇಶಿಸಿತು. ತನ್ನ ಸ್ವತ್ತೆಲ್ಲವನ್ನೂ ಪ್ರಾಮಾಣಿಕವಾಗಿ ಒಪ್ಪಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ನಿಜವಾದ ಉತ್ತರವನ್ನು ಕೊಟ್ಟ ವರ್ತಕನಿಗೆ ಉಳಿದ ಸಾಲದಿಂದ ಬಿಡುಗಡೆ ದೊರೆಯಬಹುದೆಂದು ಅದು ಹೇಳಿತು. ಋಣವಿಮೋಚನೆಯೆಂಬುದು ಇಂಗ್ಲಿಷ್ ನ್ಯಾಯದೊಳಕ್ಕೆ ಕಾಲಿಟ್ಟುದು ಹೀಗೆ. ಆದರೆ ಬಲಗೈಯಲ್ಲಿ ಕೊಟ್ಟುದಕ್ಕೆ ಎಡಗೈಯಲ್ಲಿ ಕತ್ತಿಯನ್ನೂ ಹಿಡಿದಿದ್ದಿತು. ಸ್ವತ್ತನ್ನು ಮರೆಮಾಚಿದವನಿಗೆ ಅದೇ ಶಾಸನವು ಮರಣದಂಡನೆಯನ್ನು ವಿಧಿಸಿತು. ಇದು ಬರಿಯ ಬೆದರಿಕೆಯಲ್ಲ. ಲಂಡನ್ನಿನ ಜಾನ್ ಪೆರಟ್ ಎಂಬ ವರ್ತಕನನ್ನು ೧೭೬೧ರಲ್ಲಿ ಇದೇ ಅಪರಾಧಕ್ಕಾಗಿ ಗಲ್ಲಿಗೇರಿಸಿದರು. ಅಂದಿನಿಂದ ಇಂದಿನವರೆಗೆ ದಿವಾಳಿ ಶಾಸನದ ಮುಖವು ಎರಡು ಕಡೆಗೆ ತಿರುಗಿಕೊಂಡಿದೆ. ನಿಷ್ಕಪಟಿಯಾದ ನಿರ್ಭಾಗ್ಯನಿಗೆ ಬಿಡುಗಡೆ, ಕಪಟಿಗೆ ದಂಡನೆ. ಇವರಿಬ್ಬರೂ ನ್ಯಾಯಾಲಯಕ್ಕೆ ಬರುವಾಗ ಒಂದೇ ಬಗೆಯ ಹರಕು ಬಟ್ಟೆಯನ್ನು ಉಟ್ಟುಕೊಂಡು ಬರುವರೆಂಬುದೇ ಇಲ್ಲಿಯ ತೊಡಕು.

ಅಮೆರಿಕದಲ್ಲಿ ಈ ತೊಡಕಿನ ಮೊದಲ ದೊಡ್ಡ ಉದಾಹರಣೆ ರಾಬರ್ಟ್ ಮಾರಿಸ್. ಸ್ವಾತಂತ್ರ್ಯಘೋಷಣೆಗೆ ಸಹಿ ಹಾಕಿದವರಲ್ಲಿ ಆತನೊಬ್ಬ. ವಾಷಿಂಗ್ಟನ್ನನ ಸೈನ್ಯಕ್ಕೆ ಹಣ ಒದಗಿಸಿದವನು. ಫಿಲಡೆಲ್ಫಿಯವು ರಾಜಧಾನಿಯಾಗಿದ್ದಾಗ ರಾಷ್ಟ್ರಾಧ್ಯಕ್ಷನು ವಾಸಿಸುತ್ತಿದ್ದುದು ಆತನ ಮನೆಯಲ್ಲಿಯೆ. ಇಂಥವನು ಕಾಡುನೆಲವನ್ನು ಲಕ್ಷಗಟ್ಟಲೆ ಎಕರೆ ಸಾಲಮಾಡಿ ಕೊಂಡು, ಮಾರಲಾರದೆ, ಸುಮಾರು ೩೦ ಲಕ್ಷ ಡಾಲರಿನ ಋಣದಲ್ಲಿ ಮುಳುಗಿದನು. ೧೭೯೮ರ ಫೆಬ್ರುವರಿಯಲ್ಲಿ ಅವನನ್ನು ಅದೇ ಪಟ್ಟಣದ ಪ್ರೂನ್ ಬೀದಿಯ ಸಾಲಗಾರರ ಸೆರೆಗೆ ಒಯ್ದರು. ಆ ವರ್ಷವೇ ವಾಷಿಂಗ್ಟನ್ ಫಿಲಡೆಲ್ಫಿಯಕ್ಕೆ ಬಂದಾಗ ಸೆರೆಮನೆಗೆ ಹೋಗಿ ಹಳೆಯ ಗೆಳೆಯನೊಡನೆ ಊಟಮಾಡಿದನು. ಸೆರೆಯೊಳಗಿನ ಮನುಷ್ಯನು ಸಾಲ ತೀರಿಸುವುದು ಹೇಗೆ? ಹೊಲದ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿ ಉಳಲಿಲ್ಲವೆಂದು ಬಡಿದಂತೆ ಇದು. ಒಕ್ಕೂಟದ ರಾಜ್ಯಾಂಗವು ದಿವಾಳಿಯ ವಿಷಯದಲ್ಲಿ ದೇಶಕ್ಕೆಲ್ಲ ಏಕರೂಪದ ಶಾಸನ ಮಾಡುವ ಅಧಿಕಾರವನ್ನು ೧೭೮೭ರಲ್ಲಿಯೇ ಕಾಂಗ್ರೆಸ್ಸಿಗೆ ಕೊಟ್ಟಿದ್ದಿತಾದರೂ, ಮೊದಲ ಶಾಸನವಾದುದು ೧೮೦೦ರಲ್ಲಿ. ಅದರ ಮೇರೆಗೆ ಮಾರಿಸ್ ೧೮೦೧ರ ಆಗಸ್ಟಿನಲ್ಲಿ ಹೊರಬಂದನು. ಎರಡು ವರ್ಷಗಳಲ್ಲಿ ಆ ಶಾಸನವೇ ರದ್ದಾಯಿತು.

೧೮೦೦ರ ಶಾಸನದಲ್ಲಿ ಅರ್ಜಿ ಹಾಕುವ ಹಕ್ಕು ಸಾಲ ಕೊಟ್ಟವರಿಗೆ ಮಾತ್ರ ಇದ್ದಿತು. ಸಾಲಗಾರನು ತಾನೇ ಹೋಗಿ ‘ನನ್ನಿಂದಾಗದು’ ಎಂದು ಹೇಳಿಕೊಳ್ಳುವ ಅವಕಾಶವು ೧೮೪೧ರಲ್ಲಿ ದೊರೆಯಿತು, ಅದೂ ವರ್ತಕನಲ್ಲದವನಿಗೂ ಸಹ. ಸುಮಾರು ೪೦,೦೦೦ ಮಂದಿ ಅದರ ಉಪಯೋಗ ಪಡೆದರು, ಸಾಲಿಗರು ಗದ್ದಲವೆಬ್ಬಿಸಿದರು, ೧೮೪೩ರಲ್ಲಿ ಅದೂ ಹೋಯಿತು. ೧೮೬೭ರದು ೧೮೭೮ರವರೆಗೆ ಉಳಿಯಿತು. ನಿಂತುದು ೧೮೯೮ರ ಶಾಸನ. ಎಂಬತ್ತು ವರ್ಷಗಳ ಕಾಲ ಅದೇ ನಡೆಯಿತು. ಅದರ ಅಡಿಯಲ್ಲಿ ೧೯೩೪ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಮಾಡಿದ ತೀರ್ಮಾನವೊಂದು ಪ್ರಸಿದ್ಧವಾಗಿದೆ. ಪ್ರಾಮಾಣಿಕನಾಗಿದ್ದೂ ದುರದೃಷ್ಟಕ್ಕೆ ಗುರಿಯಾದವನಿಗೆ ಹಿಂದಿನ ಸಾಲದ ಭಾರವಿಲ್ಲದೆ ಹೊಸದಾಗಿ ಬಾಳಲು ಎಡೆ ಮಾಡಿಕೊಡುವುದೇ ದಿವಾಳಿ ನ್ಯಾಯದ ಗುರಿಯೆಂಬುದು ಅದರ ಸಾರ. ೧೫೪೨ರಿಂದ ೧೯೩೪ಕ್ಕೆ ಎಷ್ಟು ದೂರ ನಡೆದುಬಂದಂತಾಯಿತೆಂಬುದನ್ನು ವಾಚಕರೇ ನೋಡಬಹುದು.

ಆದರೆ ‘ಪ್ರಾಮಾಣಿಕ’ನೆಂಬ ವಿಶೇಷಣವು ಹೋಗಲಿಲ್ಲ. ಮೋಸದಿಂದ ಪಡೆದ ಸಾಲಕ್ಕೆ ವಿಮೋಚನೆಯಿಲ್ಲವೆಂಬ ನಿಯಮವು ಉಳಿಯಿತು. ಅದನ್ನು ಬಳಸಿಕೊಳ್ಳಲು ಸಾಲ ಕೊಡುವವರೂ ಕಲಿತರು. ಕಿರುಸಾಲದ ಕಂಪನಿಗಳು ಗಿರಾಕಿಯಿಂದ ಅವನ ಹಿಂದಿನ ಸಾಲಗಳ ಪಟ್ಟಿಯನ್ನು ಬರೆಸಿಕೊಳ್ಳುತ್ತಿದ್ದುವು. ಬರೆಯುವ ಕಾಗದದಲ್ಲಿ ಸ್ಥಳ ಸಾಲದು. ಎರಡು ಮೂರು ಬರೆದರೆ ಸಾಕೆಂದು ಗುಮಾಸ್ತೆಯೇ ಹೇಳುವನು. ಮುಂದೆ ಆ ಗಿರಾಕಿ ಪಾಪರೆದ್ದಾಗ ಅದೇ ಕಾಗದವನ್ನು ತೆಗೆದು, ಇವನು ಉಳಿದ ಸಾಲಗಳನ್ನು ಮುಚ್ಚಿಟ್ಟು ಮೋಸಮಾಡಿದನೆಂದು ದಾವೆ ಹೂಡುವರು. ಈ ಚಾತುರ್ಯವನ್ನು ತಡೆಯಲು ಕಾಂಗ್ರೆಸ್ಸು ೧೯೬೦ರಲ್ಲಿ ಒಮ್ಮೆ, ೧೯೭೦ರಲ್ಲಿ ಇನ್ನೊಮ್ಮೆ ತಿದ್ದುಪಡಿ ಮಾಡಬೇಕಾಯಿತು. ೧೯೭೮ರಲ್ಲಿ ಹೊಸ ಶಾಸನ ಬಂದಾಗ ಅದರಲ್ಲಿ ಇನ್ನೊಂದು ತಡೆಯನ್ನೂ ಇಟ್ಟರು. ಹುರುಳಿಲ್ಲದ ಮೋಸದ ಆರೋಪವನ್ನು ಹೊರಿಸಿ ಸೋತ ಸಾಲಿಗನು ಸಾಲಗಾರನ ವಕೀಲರ ವೆಚ್ಚವನ್ನು ತಾನೇ ತೆರಬೇಕು. ಕಪಟವು ಸಾಲಗಾರನ ಪಕ್ಷದಲ್ಲಿ ಮಾತ್ರ ಇರುವುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹೀಗಿರುವಾಗ ಸಾಲ ಕೊಡುವ ಕ್ರಮವೇ ಬದಲಾಯಿತು. ೧೯೫೦ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮ್ಯಾಕ್‌ನಮಾರ ಮೊದಲಾದವರು ಡೈನರ್ಸ್ ಕ್ಲಬ್ಬಿನ ಕಾರ್ಡನ್ನು ಹೊರಡಿಸಿದರು. ಅದು ಊಟದ ಲೆಕ್ಕವನ್ನು ತಿಂಗಳ ಕೊನೆಗೆ ಪೂರ್ತಿಯಾಗಿ ಸಲ್ಲಿಸುವ ಏರ್ಪಾಡು, ನಿಜವಾದ ಸಾಲವಲ್ಲ. ೧೯೫೮ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೊ ಎಂಬ ಪಟ್ಟಣದಲ್ಲಿ ಮಾಡಿದ್ದು ಬೇರೆ. ಯಾರೂ ಬೇಡಿರಲಿಲ್ಲ, ೬೦,೦೦೦ ಕಾರ್ಡುಗಳನ್ನು ಅಂಚೆಯ ಮೂಲಕ ಮನೆಮನೆಗೆ ಕಳುಹಿಸಿತು. ನೂರಕ್ಕೆ ನಾಲ್ವರು ಮಾತ್ರ ಬಾಕಿ ಉಳಿಸಿಯಾರೆಂದು ಬ್ಯಾಂಕಿನ ಅಧಿಕಾರಿಗಳ ಎಣಿಕೆಯಿದ್ದಿತು. ಉಳಿಸಿದವರು ನೂರಕ್ಕೆ ಇಪ್ಪತ್ತೆರಡು ಮಂದಿ. ಆದರೂ ಬ್ಯಾಂಕು ಕೈಬಿಡಲಿಲ್ಲ, ಉಳಿದ ಬ್ಯಾಂಕುಗಳೂ ಅದೇ ದಾರಿಯನ್ನು ಹಿಡಿದುವು. ಬೇಡದವರಿಗೆ ಕಾರ್ಡು ಕಳುಹಿಸುವುದನ್ನು ೧೯೭೦ರಲ್ಲಿ ಕಾಂಗ್ರೆಸ್ಸು ನಿಷೇಧಿಸಿತು. ಸಾಲ ಕೇಳಬಂದವನ ಮುಖ ನೋಡಿ, ಅವನ ಕುಲ ನಡತೆ ಕಸುಬುಗಳನ್ನು ವಿಚಾರಿಸಿ, ಜಾಮೀನು ತೆಗೆದುಕೊಂಡು ಕೊಡುತ್ತಿದ್ದ ಹಳೆಯ ಪದ್ಧತಿಯು ಇಲ್ಲಿಗೆ ಮುಗಿಯಿತೆನ್ನಬೇಕು. ಇನ್ನು ಮೇಲೆ ಸಾಲವು ಮೊದಲೇ ಮಂಜೂರಾಗಿರುವುದು. ಸಾಲಗಾರನು ಆಮೇಲೆ ಹುಟ್ಟುವನು.

ಬಡ್ಡಿಯ ಮಿತಿಯೂ ಮುರಿಯಿತು. ಸಂಸ್ಥಾನ ಸಂಸ್ಥಾನಕ್ಕೂ ಬೇರೆ ಬೇರೆ ಬಡ್ಡಿಯ ಕಟ್ಟಳೆಗಳಿದ್ದುವು. ೧೯೭೮ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ರಾಷ್ಟ್ರೀಯ ಬ್ಯಾಂಕೊಂದು ತಾನು ನೆಲೆಸಿದ ಸಂಸ್ಥಾನದ ಬಡ್ಡಿಯನ್ನು ಬೇರೆ ಸಂಸ್ಥಾನದ ಗಿರಾಕಿಯಿಂದಲೂ ತೆಗೆದುಕೊಳ್ಳಬಹುದೆಂದು ತೀರ್ಪು ಕೊಟ್ಟಿತು. ಇದನ್ನು ನೋಡಿ ದಕ್ಷಿಣ ಡಕೋಟ ಸಂಸ್ಥಾನವು ೧೯೮೦ರಲ್ಲಿ ಬಡ್ಡಿಯ ಮಿತಿಯನ್ನೇ ತೆಗೆದುಹಾಕಿತು. ಮರುವರ್ಷವೇ ನ್ಯೂಯಾರ್ಕಿನ ಸಿಟಿಬ್ಯಾಂಕು ತನ್ನ ಕಾರ್ಡು ವ್ಯವಹಾರವನ್ನು ಅಲ್ಲಿಯ ಸೂ ಫಾಲ್ಸ್ ಪಟ್ಟಣಕ್ಕೆ ಸಾಗಿಸಿತು. ಡೆಲವೇರ್ ಸಂಸ್ಥಾನವೂ ೧೯೮೧ರಲ್ಲಿ ಅದೇ ಬಗೆಯ ಶಾಸನ ಮಾಡಿತು. ಹೀಗೆ ಒಂದೆರಡು ಸಂಸ್ಥಾನಗಳ ಕಟ್ಟಳೆಯು ಇಡೀ ದೇಶದ ಕಟ್ಟಳೆಯಾಯಿತು. ಋಣವಿಮೋಚನೆಯನ್ನು ಸುಲಭಮಾಡಿದ ೧೯೭೮ರ ದಿವಾಳಿ ಶಾಸನವೂ ಬಡ್ಡಿಯ ಕಟ್ಟೆಯನ್ನೊಡೆದ ಈ ತೀರ್ಪೂ ಒಂದೇ ವರ್ಷದಲ್ಲಿ, ಒಂದನ್ನೊಂದು ಅರಿಯದೆ, ಹುಟ್ಟಿದುವು.

ಈಗ ನಗದು ಮುಂಗಡದ ಸ್ವರೂಪವನ್ನು ನೋಡಬೇಕು. ಕಾರ್ಡಿನಿಂದ ಅಂಗಡಿಯಲ್ಲಿ ವಸ್ತು ಕೊಂಡರೆ, ಲೆಕ್ಕಪತ್ರವು ಬಂದು ಗಡುವಿನೊಳಗೆ ಪೂರ್ತಿ ಸಲ್ಲಿಸಿದವನಿಗೆ ಬಡ್ಡಿಯಿಲ್ಲ. ನಗದು ತೆಗೆದವನಿಗೆ ಈ ರಿಯಾಯಿತಿ ಇಲ್ಲ. ಹಣವು ಯಂತ್ರದಿಂದ ಕೈಗೆ ಬಂದ ದಿನದಿಂದಲೇ ಬಡ್ಡಿ ಓಡಲಾರಂಭಿಸುವುದು. ಆ ಬಡ್ಡಿಯ ದರವೂ ವಸ್ತುವಿನ ಮೇಲಣ ದರಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಇದಲ್ಲದೆ ತೆಗೆದಾಗಲೇ ನೂರಕ್ಕೆ ೩ರಿಂದ ೫ರವರೆಗೆ ಶುಲ್ಕ. ಉದಾಹರಣೆಗೆ ೫,೦೦೦ ಡಾಲರನ್ನು ನೂರಕ್ಕೆ ೫ರ ಶುಲ್ಕಕ್ಕೂ ವರ್ಷಕ್ಕೆ ನೂರಕ್ಕೆ ೨೪ರ ಬಡ್ಡಿಗೂ ತೆಗೆದವನು ಮೊದಲ ತಿಂಗಳು ಕಳೆಯುವಷ್ಟರಲ್ಲಿ ಶುಲ್ಕ ೨೫೦, ಬಡ್ಡಿ ೧೦೦, ಒಟ್ಟು ೩೫೦ ಡಾಲರನ್ನು ತೆತ್ತಂತಾಗುವುದು, ಅಸಲು ಕದಲಿರುವುದಿಲ್ಲ. ೨೦೦೯ರ ಕಾರ್ಡು ಶಾಸನವು ಜಾರಿಗೆ ಬರುವವರೆಗೆ ಇನ್ನೊಂದು ಸೂಕ್ಷ್ಮವಿದ್ದಿತು. ಗಿರಾಕಿಯು ಕಟ್ಟಿದ ಹಣವನ್ನು ಬ್ಯಾಂಕುಗಳು ಕಡಿಮೆ ಬಡ್ಡಿಯ ಬಾಕಿಗೆ ಮೊದಲು ಜಮಾ ಮಾಡುತ್ತಿದ್ದುವು. ಸೀರೆ ಪಾತ್ರೆಗಳ ಸಾಲ ತೀರುವವರೆಗೆ, ಹೆಚ್ಚು ಬಡ್ಡಿಯ ನಗದು ಸಾಲಕ್ಕೆ ಒಂದು ಕಾಸೂ ತಲುಪದೆ ಅದು ಮೂಲೆಯಲ್ಲಿ ಕುಳಿತು ಬೆಳೆಯುತ್ತಲೇ ಇರುವುದು. ಕನಿಷ್ಠ ಕಂತಿಗೆ ಮೀರಿ ಕಟ್ಟಿದ ಹಣವು ಹೆಚ್ಚು ಬಡ್ಡಿಯ ಬಾಕಿಗೆ ಸೇರತಕ್ಕದ್ದೆಂಬ ನಿಯಮವು ೨೦೧೦ರ ಫೆಬ್ರುವರಿಯಿಂದ ಬಂದಿತು.

ಇಷ್ಟು ದುಬಾರಿಯಾದ ಹಣವನ್ನು ಯಾರು ತೆಗೆಯುವರು? ಬೇರೆ ದಾರಿಯಿದ್ದವರಲ್ಲ. ಮನೆಬಾಡಿಗೆಯನ್ನು ಕಾರ್ಡಿನಿಂದ ತೆಗೆದುಕೊಳ್ಳದ ಮನೆಯೊಡೆಯನಿಗೆ ನಗದೇ ಬೇಕು. ಕೆಲಸ ಹೋಗಿ ಎರಡನೆಯ ತಿಂಗಳಾದವನಿಗೆ, ಗಂಡನಿಂದ ಬೇರೆಯಾಗಿ ಮಕ್ಕಳೊಡನೆ ಹೊಸ ಮನೆ ಹಿಡಿದವಳಿಗೆ, ಆಸ್ಪತ್ರೆಯ ಲೆಕ್ಕ ಬಂದವನಿಗೆ, ಅಂಚೆಯಲ್ಲಿ ಬ್ಯಾಂಕು ಕಳುಹಿಸಿದ ಖಾಲಿ ಚೆಕ್ಕುಗಳು ಆಪದ್ಬಂಧುಗಳಂತೆ ಕಾಣುವುವು. ಆಮೇಲೆ ಒಂದು ಕಾರ್ಡಿನ ಕಂತಿಗೆ ಇನ್ನೊಂದರಿಂದ ನಗದು, ಅದರ ಕಂತಿಗೆ ಮೂರನೆಯದರಿಂದ. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲವೆಂಬ ಚಿಕ್ಕ ಕಂಬಳಿಯ ಸಂಸಾರವಿದು. ಜೂಜಿನ ಮನೆಯ ಬಾಗಿಲಲ್ಲಿ ನಿಂತ ಹಣಯಂತ್ರದಿಂದ ತೆಗೆಯುವವರೂ ಉಂಟು. ಸುಲಭವಾಗಿ ಸಾಲ ತೊಡೆದುಹೋಗುವುದೆಂದು ತಿಳಿದು, ಅರ್ಜಿಯ ಹಿಂದಿನ ದಿನ ಇದ್ದ ಕಾರ್ಡುಗಳನ್ನೆಲ್ಲ ಹಿಂಡಿಕೊಂಡವರೂ ಇಲ್ಲದಿಲ್ಲ.

ಈ ಕಡೆಯವರ ವಿಷಯದಲ್ಲಿ ನ್ಯಾಯಾಲಯಗಳು ಮೊದಲಿಗೆ ಬ್ಯಾಂಕುಗಳ ಮಾತಿಗೆ ಹೆಚ್ಚು ಕಿವಿಗೊಡಲಿಲ್ಲ. ೧೯೮೩ರಲ್ಲಿ ಹನ್ನೊಂದನೆಯ ಮಂಡಲದ ಮೇಲ್ಮನವಿ ನ್ಯಾಯಾಲಯವು ಅಲಬಾಮದ ಬ್ಯಾಂಕೊಂದರ ವ್ಯಾಜ್ಯದಲ್ಲಿ, ಕಾರ್ಡು ಕೊಟ್ಟವರು ಅದರ ಅಪಾಯವನ್ನೂ ತಾವೇ ಹೊತ್ತುಕೊಂಡಿರುವರೆಂದೂ, ಕಾರ್ಡು ರದ್ದಾಯಿತೆಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಿದ ಮೇಲೆ ಬಳಸಿದ್ದು ಮಾತ್ರ ಮೋಸವೆಂದೂ ತೀರ್ಮಾನಿಸಿತು. ಬ್ಯಾಂಕುಗಳು ಕಾಂಗ್ರೆಸ್ಸಿನ ಬಾಗಿಲಿಗೆ ಹೋದುವು. ಮರುವರ್ಷ, ೧೯೮೪ರ ತಿದ್ದುಪಡಿಯಲ್ಲಿ, ಮೇಲೆ ಹೇಳಿದ ಉಪವಿಧಿಯು ಹುಟ್ಟಿತು. ಅಂದು ನಗದು ಮುಂಗಡಕ್ಕೆ ಅವಧಿ ೨೦ ದಿನ, ಮೊತ್ತ ೧,೦೦೦ ಡಾಲರು. ೧೯೯೪ರಲ್ಲಿ ಅವಧಿಯು ೬೦ ದಿನಗಳಾಯಿತು. ೨೦೦೫ರಲ್ಲಿ ೭೦ ದಿನಗಳಾಗಿ, ಮೊತ್ತವು ೭೫೦ ಡಾಲರಿಗೆ ಇಳಿಯಿತು. ಅಲ್ಲಿಂದ ಮೂರು ವರ್ಷಗಳಿಗೊಮ್ಮೆ ಬೆಲೆಯೇರಿಕೆಯನ್ನನುಸರಿಸಿ ಸರಿಪಡಿಸುತ್ತ ಬಂದು ಈಗಿನ ೧,೨೫೦ ಆಗಿದೆ. ಇಪ್ಪತ್ತು ವರ್ಷಗಳಲ್ಲಿ ಶಂಕೆಯ ಅವಧಿಯು ಮೂರೂವರೆ ಪಾಲಾಯಿತೆಂದರೆ, ಆ ಕಾಲದಲ್ಲಿ ಯಾರ ಧ್ವನಿಯು ಗಟ್ಟಿಯಾಗಿದ್ದಿತೆಂದು ಊಹಿಸಬಹುದು.

ಇಲ್ಲಿ ಗಮನಿಸತಕ್ಕ ಭೇದವೊಂದಿದೆ. ಅದೇ ಉಪವಿಧಿಯಲ್ಲಿ, ಕಾರ್ಡಿನಿಂದ ಕೊಂಡ ವಸ್ತುಗಳ ವಿಷಯವೂ ಬರುತ್ತದೆ. ಆದರೆ ಅಲ್ಲಿ ಶಂಕೆಗೆ ಗುರಿಯಾಗುವುದು ಭೋಗವಸ್ತು ಮಾತ್ರ. ಸಾಲಗಾರನ ಮತ್ತು ಅವನನ್ನು ನಂಬಿದವರ ಪೋಷಣೆಗೆ ಬೇಕಾದ ವಸ್ತುವಿಗೆ ಶಂಕೆಯಿಲ್ಲ. ಅಂದರೆ ವಸ್ತುವಿನ ವಿಷಯದಲ್ಲಿ ಶಾಸನವು ‘ಏತಕ್ಕಾಗಿ?’ ಎಂದು ಕೇಳುತ್ತದೆ. ನಗದಿನ ವಿಷಯದಲ್ಲಿ ಕೇಳುವುದಿಲ್ಲ. ಕಾರ್ಡನ್ನು ಕೊಟ್ಟು ಮಗುವಿಗೆ ಹಾಲು ಕೊಂಡವಳು ನಿಶ್ಶಂಕಳು. ಅದೇ ಕಾರ್ಡಿನಿಂದ ನಗದು ತೆಗೆದು ಬಾಡಿಗೆ ಕಟ್ಟಿದವಳು, ಮೊತ್ತವು ಮೀರಿದ್ದರೆ, ಜೂಜಾಡಿದವನ ಪಕ್ಕದಲ್ಲಿ ನಿಲ್ಲಬೇಕು. ತನ್ನ ಮನಸ್ಸು ಶುದ್ಧವಾಗಿದ್ದಿತೆಂದು ಅವಳು ರುಜುವಾತು ಕೊಟ್ಟು ಪಾರಾಗಬಹುದು, ನಿಜ. ಆದರೆ ರುಜುವಾತಿಗೆ ವಕೀಲನು ಬೇಕು, ವಕೀಲನಿಗೆ ಹಣ ಬೇಕು, ಹಣವಿದ್ದರೆ ಅವಳು ಆ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಎಷ್ಟೋ ಮಂದಿ ದಾವೆಯ ಕಾಗದವನ್ನು ಕಂಡೊಡನೆ ಅಷ್ಟೋ ಇಷ್ಟೋ ಕೊಡುವುದಾಗಿ ಒಪ್ಪಿಕೊಂಡು ರಾಜಿಯಾಗುವುದು ಇದರಿಂದಲೇ.

ಸಾಲವು ಏತಕ್ಕಾಗಿ ಆದುದೆಂಬ ಪ್ರಶ್ನೆಯನ್ನು ಭರತಖಂಡದ ಧರ್ಮಶಾಸ್ತ್ರವು ಬಹು ಹಿಂದೆಯೇ ಎತ್ತಿದ್ದಿತು. ಮನುಸ್ಮೃತಿಯಲ್ಲಿ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದೇ ಋಣಾದಾನ. ಯಾಜ್ಞವಲ್ಕ್ಯನ ಮತದಲ್ಲಿ ಕುಟುಂಬಕ್ಕಾಗಿ ಮಾಡಿದ ಸಾಲವು ಕುಟುಂಬದವರ ಮೇಲೆ ನಿಲ್ಲುವುದು; ಕುಡಿತಕ್ಕೂ ಕಾಮಕ್ಕೂ ಜೂಜಿಗೂ ತಂದೆಯು ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಈ ಸ್ಮೃತಿಗೆ. ಆ ಮೂಲಕ ಈ ವಿಚಾರವು ಕನ್ನಡನಾಡಿನಿಂದ ದೇಶದ ಬಹುಭಾಗಕ್ಕೆ ಹರಡಿತು. ಕೈಲಾಗದ ಸಾಲಗಾರನು, ಅವನು ಬ್ರಾಹ್ಮಣನಾದರೆ, ಸಂಪಾದನೆಯಾದಂತೆ ಮೆಲ್ಲಮೆಲ್ಲಗೆ ತೀರಿಸಬಹುದೆಂದೂ, ಕೆಳಗಿನವನಾದರೆ ದುಡಿದು ತೀರಿಸಬೇಕೆಂದೂ ಅದೇ ಸ್ಮೃತಿಯು ಹೇಳುತ್ತದೆ. ಈ ಭೇದವನ್ನು ಇಂದು ಯಾರೂ ಸಮರ್ಥಿಸಲಾರರು. ಪೂರ್ತಿಯಾದ ಋಣವಿಮೋಚನೆಯಂತೂ ಸ್ಮೃತಿಕಾರರ ಕಲ್ಪನೆಗೆ ಬಂದಂತಿಲ್ಲ. ಋಣವು ಮಕ್ಕಳನ್ನೂ ಮುಂದಿನ ಜನ್ಮವನ್ನೂ ಹಿಂಬಾಲಿಸುವುದೆಂದು ಅವರ ನಂಬಿಕೆ. ಆದರೆ ಅವರು ಇನ್ನೊಂದು ಕಡೆಯಿಂದ ಕಟ್ಟೆ ಹಾಕಿದರು. ಒಮ್ಮೆಗೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ನಿಯಮವದು. ಬ್ರಿಟಿಷರ ಕಾಲದಲ್ಲಿಯೂ ಮುಂಬಯಿ ಇಲಾಖೆಯ ನ್ಯಾಯಾಲಯಗಳು ಹಿಂದೂ ಸಾಲಗಾರರಿಗೆ ಇದನ್ನು ಅನ್ವಯಿಸುತ್ತಿದ್ದುವು. ಧಾರವಾಡ, ಬೆಳಗಾವಿ, ವಿಜಾಪುರಗಳು ಆ ಇಲಾಖೆಯೊಳಗಿದ್ದುವು. ಕೌಟಿಲ್ಯನು ಧರ್ಮ್ಯವೆಂದು ಹೇಳಿದ ಬಡ್ಡಿ ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು, ಅಂದರೆ ವರ್ಷಕ್ಕೆ ನೂರಕ್ಕೆ ೧೫. ಅಮೆರಿಕದ ಕಾರ್ಡುಗಳಲ್ಲಿ ನೂರಕ್ಕೆ ೨೦ನ್ನು ಮೀರಿದ ಬಡ್ಡಿ ಇಂದು ಸರ್ವಸಾಧಾರಣ.

ರುಜುವಾತಿನ ಹೊರೆಯನ್ನು ಸಾಲಗಾರನ ತಲೆಗೆ ಕಟ್ಟುವುದು ಅಮೆರಿಕದವರು ಮಾತ್ರ ಮಾಡಿದ್ದೆಂದೂ ತಿಳಿಯಬಾರದು. ಭಾರತದಲ್ಲಿ ೧೯೨೦ರ ಪ್ರಾಂತೀಯ ದಿವಾಳಿ ಶಾಸನದ ೪೨ನೆಯ ಪ್ರಕರಣದ ಮೇರೆಗೆ, ತೀರಿಸುವ ಭರವಸೆಗೆ ತಕ್ಕ ಕಾರಣವಿಲ್ಲದೆ ಸಾಲ ಮಾಡಿದವನಿಗೂ, ಜೂಜಿನಿಂದ ದಿವಾಳಿಯನ್ನು ತಂದುಕೊಂಡವನಿಗೂ ನಿರುಪಾಧಿಕ ವಿಮೋಚನೆಯನ್ನು ನಿರಾಕರಿಸತಕ್ಕದ್ದು. ಭರವಸೆಗೆ ಕಾರಣವಿದ್ದಿತೆಂದು ತೋರಿಸುವ ಹೊಣೆಯೂ ದಿವಾಳಿಕೋರನದೇ. ಆದರೆ ಅಲ್ಲಿ ದಿನಗಳ ಎಣಿಕೆಯಿಲ್ಲ, ನಗದಿಗೆ ಬೇರೆ ನ್ಯಾಯವೂ ಇಲ್ಲ.

ಎಪ್ಪತ್ತು ದಿನಗಳ ಹೊರಗೆ ತೆಗೆದ ಹಣದ ವಿಷಯದಲ್ಲಿ ಬ್ಯಾಂಕೇ ಮೋಸವನ್ನು ಸಾಧಿಸಬೇಕು. ಆಗ ನ್ಯಾಯಾಧೀಶನು ಮನುಷ್ಯನ ಎದೆಯೊಳಕ್ಕೆ ಇಣುಕಿ ನೋಡಬೇಕಾಗುವುದು. ಕಾರ್ಡನ್ನು ಯಂತ್ರಕ್ಕೆ ಹಾಕಿದವನು ಯಾರೊಡನೆಯೂ ಮಾತಾಡಲಿಲ್ಲ. ಮಾತಾಡದವನು ಸುಳ್ಳು ಹೇಳಿದನೆಂದು ಹೇಳುವುದೆಂತು? ಪ್ರತಿಸಲ ಕಾರ್ಡನ್ನು ಬಳಸುವುದೂ ‘ತೀರಿಸುವೆನು’ ಎಂಬ ಮೌನವಾದ ಮಾತೇ ಎಂದು ಹಲವು ನ್ಯಾಯಾಲಯಗಳು ಅರ್ಥಮಾಡಿದುವು. ೧೯೯೬ರಲ್ಲಿ ಪಶ್ಚಿಮ ತೀರದ ಒಂಬತ್ತನೆಯ ಮಂಡಲದ ನ್ಯಾಯಾಲಯದ ಮುಂದೆ ಇಬ್ಬರು ಜೂಜುಗಾರರ ವ್ಯಾಜ್ಯಗಳು ಬಂದುವು. ಒಂದು ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟುತ್ತ ಗಾಳಿಪಟ ಹಾರಿಸಿದವನು ಮೋಸಗಾರನೆಂದು ತೀರ್ಪಾಯಿತು. ಇನ್ನೊಬ್ಬನ ವಿಷಯದಲ್ಲಿ ಕೆಳಗಿನ ನ್ಯಾಯಾಲಯವು ಅವನ ವಿರುದ್ಧವಾಗಿ ಕೊಟ್ಟ ತೀರ್ಪನ್ನು ತಳ್ಳಿಹಾಕಿ, ತೀರಿಸುವ ಶಕ್ತಿ ಇದ್ದಿತೇ ಎಂಬುದಲ್ಲ, ತೀರಿಸುವ ಮನಸ್ಸಿದ್ದಿತೇ ಎಂಬುದೇ ಪ್ರಶ್ನೆಯೆಂದು ಹೇಳಿತು. ಕೆಟ್ಟಿದ್ದವನೆಲ್ಲ ಕಪಟಿಯಲ್ಲ, ಮುಂದಿನ ದಾಳದಲ್ಲಿ ಗೆದ್ದು ತೀರಿಸುವೆನೆಂದು ಜೂಜುಗಾರನು ಮನಸಾರೆ ನಂಬಿರುವುದೂ ಉಂಟು. ಧರ್ಮರಾಯನ ಕಥೆಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು.

ಐದನೆಯ ಮಂಡಲದ ಎಲ್ಲ ನ್ಯಾಯಾಧೀಶರೂ ಕೂಡಿ ೨೦೦೧ರಲ್ಲಿ ಕೊಟ್ಟ ತೀರ್ಪು ಬ್ಯಾಂಕಿನ ಕಡೆಗೆ ವಾಲಿತು. ಮೊದಲೇ ಮಂಜೂರಾಗಿ ೩,೦೦೦ ಡಾಲರಿನ ಮಿತಿಯುಳ್ಳ ಕಾರ್ಡೊಂದು ಹೆಂಗಸೊಬ್ಬಳ ಕೈಸೇರಿತು. ಅವಳು ಅದರಿಂದ ನಗದು ತೆಗೆದು ಜೂಜಿನಲ್ಲಿ ಕಳೆದಳು. ಕಾರ್ಡು ಕೊಡುವಾಗ ಬ್ಯಾಂಕು ಅವಳನ್ನು ಹೆಚ್ಚಾಗಿ ವಿಚಾರಿಸದಿದ್ದರೂ, ಪ್ರತಿ ಬಳಕೆಯಲ್ಲಿ ಅಡಗಿದ ಅವಳ ವಾಗ್ದಾನವನ್ನು ನಂಬಲು ಬ್ಯಾಂಕಿಗೆ ಹಕ್ಕುಂಟೆಂದು ನ್ಯಾಯಾಲಯವು ಹೇಳಿ, ಮರುವಿಚಾರಣೆಗೆ ಕಳುಹಿಸಿತು. ನಂಬಿಕೆಯೆಂಬುದು ನೋಡಿ ಇಡುವಂಥದು. ನೋಡದೆ ಕೊಟ್ಟವರು ನಂಬಿ ಕೆಟ್ಟೆವೆಂದು ಹೇಳಿಕೊಳ್ಳುವುದರಲ್ಲಿ ಒಂದು ವಿನೋದವಿದೆ. ನ್ಯಾಯಾಧೀಶರು ಅದನ್ನು ಗಮನಿಸಿದಂತೆ ಕಾಣುವುದಿಲ್ಲ.

೨೦೦೫ರ ಬದಲಾವಣೆಗೆ ಹಿನ್ನೆಲೆಯಾದುದು ಅರ್ಜಿಗಳ ಸಂಖ್ಯೆ. ೧೯೮೦ರಲ್ಲಿ ಎಲ್ಲ ಬಗೆಯವೂ ಸೇರಿ ಸುಮಾರು ೩ ಲಕ್ಷ ದಿವಾಳಿ ಅರ್ಜಿಗಳು ಬಂದಿದ್ದುವು;೧೯೯೬ರಲ್ಲಿ ಅವು ಮೊದಲ ಬಾರಿಗೆ ೧೦ ಲಕ್ಷವನ್ನು ದಾಟಿದುವು. ಜನರು ಲಜ್ಜೆಯನ್ನು ತೊರೆದು ಸಾಲವನ್ನು ಮುಳುಗಿಸುತ್ತಿರುವರೆಂದು ಸಾಲಿಗರು ದೂರಿದರು. ಎಲಿಜಬೆತ್ ವಾರನ್, ತೆರೇಸ ಸಲಿವನ್, ಜೇ ವೆಸ್ಟ್‌ಬ್ರೂಕ್ ಎಂಬ ಮೂವರು ವಿದ್ವಾಂಸರು ೧೯೮೧ರ ಅರ್ಜಿಗಳನ್ನು ಮೂರು ಸಂಸ್ಥಾನಗಳಲ್ಲಿ ಒಂದೊಂದಾಗಿ ತೆರೆದು ನೋಡಿ ೧೯೮೯ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದರು. ಅವರು ಕಂಡದ್ದು ಬಹುಮಟ್ಟಿಗೆ ಸಾಧಾರಣ ಮಧ್ಯಮ ವರ್ಗದ ದುಡಿಯುವ ಜನರನ್ನು, ಧೂರ್ತರ ಪಡೆಯನ್ನಲ್ಲ. ಆದರೂ ತಿದ್ದುಪಡಿಯು ೨೦೦೫ರ ಏಪ್ರಿಲಿನಲ್ಲಿ ಅಂಗೀಕಾರವಾಗಿ ಅಕ್ಟೋಬರ್ ೧೭ರಿಂದ ಜಾರಿಗೆ ಬಂದಿತು. ಆದಾಯದ ಪರೀಕ್ಷೆ, ಅರ್ಜಿಗೆ ಮೊದಲು ಸಾಲದ ವಿಷಯದಲ್ಲಿ ಉಪದೇಶ ಕೇಳಿದ ಪ್ರಮಾಣಪತ್ರ, ಅನಂತರ ಹಣಕಾಸಿನ ಪಾಠ, ಇವೆಲ್ಲ ಬಂದುವು. ಬಾಗಿಲು ಮುಚ್ಚುವುದರೊಳಗೆ ಒಳಹೋಗಬೇಕೆಂದು ಜನರು ನೂಕಾಡಿದರು. ಆ ವರ್ಷ ಅರ್ಜಿಗಳು ೨೦ ಲಕ್ಷವನ್ನು ಮೀರಿದುವು, ಮರುವರ್ಷ ೬ ಲಕ್ಷದಷ್ಟಕ್ಕೆ ಇಳಿದುವು.

ಈ ಶಂಕೆಯು ತಾನಾಗಿ ಫಲಿಸುವುದಿಲ್ಲವೆಂಬುದನ್ನೂ ಹೇಳಬೇಕು. ಸಾಲಿಗರ ಸಭೆಗೆ ಗೊತ್ತುಮಾಡಿದ ಮೊದಲ ದಿನದಿಂದ ೬೦ ದಿನಗಳೊಳಗೆ ಬ್ಯಾಂಕು ಮೋಸದ ದೂರನ್ನು ಕೊಡದಿದ್ದರೆ, ಕೊನೆಯ ವಾರದಲ್ಲಿ ತೆಗೆದ ನಗದಿನ ಸಾಲವೂ ಉಳಿದವುಗಳೊಡನೆ ತೊಡೆದುಹೋಗುವುದು. ಹೀಗೆ ದಿನಗಳ ಲೆಕ್ಕವು ಎರಡು ಕಡೆಗೂ ಇದೆ. ಆದುದರಿಂದ ಅಲ್ಲಿಯ ವಕೀಲನು ಕಕ್ಷಿಗಾರನನ್ನು ಮೊದಲು ಕೇಳುವುದು ‘ಕಾರ್ಡಿನಿಂದ ಕಡೆಯ ಸಲ ಹಣ ತೆಗೆದುದೆಂದು?’ ಎಂಬುದನ್ನು. ಇನ್ನು ಮೇಲೆ ಕಾರ್ಡನ್ನು ಮುಟ್ಟಬೇಡವೆಂದೂ, ಸಾಧ್ಯವಾದರೆ ಕೆಲವು ದಿನ ತಡೆಯೆಂದೂ ಅವನು ಹೇಳುವನು. ತಡೆದರೂ ಪೂರ್ತಿ ನಿರ್ಭಯವಿಲ್ಲ. ತೀರಿಸುವ ಮನಸ್ಸಿಲ್ಲದೆ ತೆಗೆದುದನ್ನು ಬ್ಯಾಂಕು ಎಪ್ಪತ್ತೊಂದನೆಯ ದಿನದ ಮೇಲೆಯೂ ಸಾಧಿಸಬಹುದು. ಬೇಕೆಂದೇ ದಿನ ಕಳೆದುದು ಆಗ ಅವನಿಗೆ ಪ್ರತಿಕೂಲವಾದ ಸಾಕ್ಷ್ಯವಾದೀತು. ತಡೆಯದಿದ್ದರೆ ಶಂಕೆ. ಅರ್ಜಿ ದಾಖಲಾದ ಕ್ಷಣದಿಂದ ಸಾಲಿಗರ ವಸೂಲಿ ನಿಲ್ಲುವುದು. ದಾಖಲಾಗುವವರೆಗೆ ಸಂಬಳದ ಜಪ್ತಿಯೂ ನಡೆಯುವುದು, ಬಡ್ಡಿಯೂ ಬೆಳೆಯುವುದು. ಎಪ್ಪತ್ತರ ಈಚೆಗೋ ಆಚೆಗೋ ಎಂಬ ಈ ಗಣಿತವನ್ನು ಸಾಲದ ಸಂಸಾರವು ಆ ದಿನಗಳಲ್ಲಿ ಕುಳಿತು ಮಾಡಬೇಕಾಗಿದೆ.